ಟೀಮಿನಲ್ಲಿ ಜಾಗ ಸಿಗದ ಹೈಸ್ಕೂಲ್ ಮಕ್ಕಳಿಗೆ ಕರಾಟೆ: ಶುರು ಮಾಡುವುದು ಹೇಗೆ?

ನನ್ನ ಮಗಳು ಎಂಟನೇ ಕ್ಲಾಸಿನಲ್ಲಿ ಇಡೀ ವರ್ಷ ಥ್ರೋಬಾಲ್ ಟೀಮಿನ ‘ಎಕ್ಸ್‌ಟ್ರಾ’ ಆಗಿದ್ದಳು. ಆಟ ನಡೆಯುವಾಗ ಗೆರೆಯಾಚೆ ನಿಂತು ಉಳಿದವರ ನೀರಿನ ಬಾಟಲಿ ಕಾಯುತ್ತಿದ್ದಳು. ಇಂಥ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ, ಅಲ್ವಾ? ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ ಕರಾಟೆಗೆ ಸೇರಿಸಿ ನೋಡಿ. ಅಲ್ಲಿ ಎಕ್ಸ್‌ಟ್ರಾ ಅಂತ ಯಾರೂ ಇಲ್ಲ. 30 ಜನ ಬಂದರೆ 30 ಜನವೂ ಗಂಟೆಪೂರ್ತಿ ಬೆವರು ಸುರಿಸಲೇಬೇಕು.

ಹಾಗೆ ನೋಡಿದರೆ ಕರಾಟೆ ಬೆಳೆದಿದ್ದೇ ಶಾಲೆಗಳಲ್ಲಿ. 1900ರ ದಶಕದ ಶುರುವಿನಲ್ಲಿ ಜಪಾನಿನ ಓಕಿನಾವಾ ದ್ವೀಪದ ಇತೋಸು ಆಂಕೋ ಎಂಬ ಗುರು ಅದನ್ನು ಅಲ್ಲಿನ ಶಾಲೆಗಳಿಗೆ ತಂದರು, ಹುಡುಗರು ಕಲಿಯಲಿ ಅಂತ ಐದು ಕಟಾ (ಪಂಚು, ಒದೆ, ತಡೆಗಳನ್ನು ಒಂದು ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸ) ಹೊಂದಿಸಿಕೊಟ್ಟರು. ಇವತ್ತು ಶೋಟೋಕಾನ್ ಎಂಬ ಶೈಲಿಯ ಕ್ಲಾಸಿನಲ್ಲಿ ಸಾಮಾನ್ಯವಾಗಿ ಮೊದಲು ಹೇಳಿಕೊಡುವ ಹೇಯಾನ್ ಶೋದಾನ್ ಆ ಐದರಲ್ಲೇ ಒಂದು.

ಕ್ಲಾಸು ಹುಡುಕುವಾಗ ಫೀಸು ಕೇಳಿ ವಾಪಸ್ ಬರಬೇಡಿ. ಒಂದು ಗಂಟೆ ಸುಮ್ನೆ ಕೂತು ನೋಡಿ. ಎಲ್ಲರಿಗಿಂತ ಹಿಂದೆ ಬಿದ್ದ ಮಗುವಿನ ಹತ್ತಿರ ಮಾಸ್ಟರ್ ಹೋಗುತ್ತಾರಾ, ಹೋಗಿ ಏನು ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಬೆಲ್ಟ್ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ, ಅದರ ಫೀಸೆಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಎರಡೇ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಶೋಟೋಕಾನ್, ಗೋಜು-ರ‍್ಯು, ಶಿತೋ-ರ‍್ಯು ಯಾವ ಶೈಲಿಯಾದರೂ ಸರಿ, ಆದರೆ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮುಂದೆ ಊರು ಬದಲಾಯಿಸಿದಾಗ ಅದೇ ಶೈಲಿಯ ಕ್ಲಾಸು ಸಿಕ್ಕರೆ ಕಲಿತ ಕಟಾ ಬಿಟ್ಟು ಹೊಸದು ಕಲಿಯುವ ಕಷ್ಟ ಇರುವುದಿಲ್ಲ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕ್ಲಾಸಿನಲ್ಲಿ ಸಾಲು ನಿಲ್ಲಿಸುವುದು ಬೆಲ್ಟ್ ನೋಡಿ, ವಯಸ್ಸು ನೋಡಿ ಅಲ್ಲ. ನಮ್ಮೂರಿನ ಕ್ಲಾಸುಗಳ ತುಂಬ ಚಿಕ್ಕ ಮಕ್ಕಳು. ಹಾಗಾಗಿ 14 ವರ್ಷದ ಹುಡುಗಿ ಹೊಸಬರ ಬಿಳಿ ಬೆಲ್ಟ್ ಕಟ್ಟಿಕೊಂಡು, ತನ್ನ ಸೊಂಟದೆತ್ತರ ಬರುವ ಕಿತ್ತಳೆ ಬೆಲ್ಟಿನ ಪುಟಾಣಿಗಳ ಹಿಂದೆ ನಿಲ್ಲಬೇಕಾಗುತ್ತದೆ. ನನ್ನ ಮಗಳು ಮೊದಲ ದಿನ ಮನೆಗೆ ಬಂದು ಅತ್ತಿದ್ದು ಇದಕ್ಕೇ. ಹೈಸ್ಕೂಲ್ ಅಥವಾ ದೊಡ್ಡವರ ಬ್ಯಾಚ್ ಇದೆಯಾ ಕೇಳಿ. ಇಲ್ಲದಿದ್ದರೆ ಹೀಗೆ ನಿಲ್ಲಬೇಕಾಗುತ್ತದೆ ಅಂತ ಹೋಗುವ ಮೊದಲೇ ಹೇಳಿ.

ಮೊದಲ ತಿಂಗಳು ಕರಾಟೆ ಡ್ರೆಸ್ ಕೊಳ್ಳಬೇಡಿ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. ಉಗುರು ಕತ್ತರಿಸಿರಬೇಕು, ಬಳೆ, ಓಲೆ ಮನೆಯಲ್ಲಿರಲಿ. ಡ್ರೆಸ್ ಬಂದ ಮೇಲೆ ಎಡಗಡೆಯ ಅಂಚು ಬಲಗಡೆಯ ಮೇಲೆ ಬರುವಂತೆ ಹಾಕಿಕೊಳ್ಳಬೇಕು.

ಮುಷ್ಟಿ ಕಟ್ಟುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ನಾಲ್ಕು ಬೆರಳುಗಳನ್ನು ತುದಿಯಿಂದ ಬಿಗಿಯಾಗಿ ಸುತ್ತಿ, ಹೆಬ್ಬೆರಳನ್ನು ಹೊರಗಡೆಯಿಂದ ಮೊದಲ ಎರಡು ಬೆರಳಿನ ಮೇಲೆ ಒತ್ತಬೇಕು. ಹೆಬ್ಬೆರಳು ಒಳಗೆ ಸೇರಿಸಿಕೊಂಡು ಹೊಡೆದರೆ ಮುರಿಯುವುದು ಅದೇ. ಮಣಿಕಟ್ಟು ಬಾಗಬಾರದು. ಒಂದು ಕೈ ಮುಂದೆ ಹೋದಾಗ ಇನ್ನೊಂದು ಅಷ್ಟೇ ವೇಗದಲ್ಲಿ ಸೊಂಟಕ್ಕೆ ವಾಪಸ್ ಬರಬೇಕು. ದಿನಾ 20 ಸಲ ಕನ್ನಡಿ ಮುಂದೆ ಮಾಡಿದರೆ ಸಾಕು.

ಮೊದಲ ಮೂರು ತಿಂಗಳು ಬೇಜಾರಾಗುತ್ತದೆ. ಇಚಿ, ನಿ, ಸಾನ್ ಅಂತ ಜಪಾನಿ ಭಾಷೆಯಲ್ಲಿ ಎಣಿಸುತ್ತಾ ಅದೇ ಪಂಚು, ಅದೇ ಒದೆ. ಬಿಡುತ್ತೇನೆ ಅಂದರೆ ಬೈಯಬೇಡಿ, ಒಂದು ಬೆಲ್ಟ್ ಪರೀಕ್ಷೆವರೆಗೆ ಹೋಗು, ಆಮೇಲೆ ನಿನ್ನಿಷ್ಟ ಅನ್ನಿ. ಎದುರುಬದುರು ನಿಂತು ಆಡುವ ಕುಮಿತೆ ಆಮೇಲೆ ಬರುತ್ತದೆ. ಗ್ಲೌಸು, ಹಲ್ಲಿಗೆ ಗಾರ್ಡು ಇಲ್ಲದೆ ಆಡಲು ಬಿಡಬೇಡಿ. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಪಂಚಿಗೆ 1 ಪಾಯಿಂಟು, ಹೊಟ್ಟೆ ಎದೆಗೆ ಬೀಳುವ ಒದೆಗೆ 2, ತಲೆಯ ಮಟ್ಟದ ಒದೆಗೆ 3. ಜೋರಾಗಿ ಹೊಡೆದು ಗಾಯ ಮಾಡಿದರೆ ಪೆನಾಲ್ಟಿ. ಜಗಳ ಇಷ್ಟವಿಲ್ಲದ ಮಕ್ಕಳು ಕಟಾದಲ್ಲೇ ಸ್ಪರ್ಧೆಗೆ ಹೋಗಬಹುದು, ಅಲ್ಲಿ ಎದುರಾಳಿಯ ಮೈ ಮುಟ್ಟುವ ಪ್ರಶ್ನೆಯೇ ಇಲ್ಲ.

ಎಸ್ಸೆಸ್ಸೆಲ್ಸಿ ಬಂತು ಅಂತ ಕ್ಲಾಸು ಪೂರ್ತಿ ಬಿಡಿಸಬೇಡಿ, ವಾರಕ್ಕೆ ಎರಡು ದಿನಕ್ಕೆ ಇಳಿಸಿ. ನನ್ನ ಮಗಳಿಗೆ ಈಗ ಹತ್ತನೇ ಕ್ಲಾಸು. ಮಂಗಳವಾರ, ಶುಕ್ರವಾರ ಸಂಜೆ ಹೋಗುತ್ತಾಳೆ. ಹೊಸದಾಗಿ ಸೇರಿದ ದೊಡ್ಡ ಮಕ್ಕಳಿಗೆ ಬೆಲ್ಟ್ ಕಟ್ಟುವುದನ್ನು ಹೇಳಿಕೊಡುವ ಕೆಲಸ ಮಾಸ್ಟರ್ ಅವಳಿಗೆ ಕೊಟ್ಟಿದ್ದಾರೆ.