ತಡವಾಗಿ ಮಗು ಬಯಸುವವರು ಟೆಸ್ಟ್ ಮಾಡಿಸುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ 33, 35ಕ್ಕೆ ಮದುವೆಯಾಗುವವರು ಅಪರೂಪವಲ್ಲ. ಓದು, ನೌಕರಿ, ತಂಗಿಯ ಮದುವೆ, ಮನೆ ಸಾಲ ಎಲ್ಲ ಒಂದು ದಡ ಮುಟ್ಟಿಸಿ ಮಗುವಿನ ಯೋಚನೆಗೆ ಬರುವಷ್ಟರಲ್ಲಿ ವರ್ಷಗಳು ಸರಿದಿರುತ್ತವೆ. ಮದುವೆಯಾಗಿ ಆರು ತಿಂಗಳಿಗೇ ‘ಏನರ ವಿಶೇಷ ಐತೇನ್ರಿ?’ ಎಂದು ಕೇಳುವವರು ಶುರುವಾಗುತ್ತಾರೆ. ಇನ್ನೊಂದಿಷ್ಟು ದಿನ ಕಳೆದರೆ ಸೊಸೆಯೊಬ್ಬಳನ್ನೇ ಡಾಕ್ಟರ್ ಹತ್ತಿರ ಕಳಿಸುತ್ತಾರೆ.

ದಾರಿ ತಪ್ಪುವುದು ಅಲ್ಲೇ. ಮಗುವಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಅವನ ಮೊದಲ ಟೆಸ್ಟ್ ಆದ ವೀರ್ಯ ಪರೀಕ್ಷೆಗೆ ಸೂಜಿ ಬೇಕಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಆದರೂ ಹೆಂಡತಿಯ ರಕ್ತ, ಸ್ಕ್ಯಾನ್, ಎಕ್ಸ್‌ರೇ ಎಲ್ಲ ಮುಗಿದ ಮೇಲೆ ಅವನ ಸರದಿ. ದಯವಿಟ್ಟು ಹಾಗೆ ಮಾಡಬೇಡಿ. ಇಬ್ಬರ ಟೆಸ್ಟೂ ಒಂದೇ ತಿಂಗಳಲ್ಲಿ ಶುರುವಾಗಲಿ.

ಯಾವಾಗ ಹೋಗಬೇಕು?

ಹೆಂಡತಿಗೆ 35 ಆಗಿಲ್ಲದಿದ್ದರೆ ಒಂದು ವರ್ಷ ಪ್ರಯತ್ನಿಸಿ ನೋಡಬಹುದು. 35 ದಾಟಿದ್ದರೆ 6 ತಿಂಗಳು ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ತುಂಬಾ ಏರುಪೇರಾಗುತ್ತಿದ್ದರೆ, ಮುಟ್ಟಿನಲ್ಲಿ ತಡೆಯಲಾರದ ನೋವಿದ್ದರೆ, ಹಿಂದೆ ಟಿ.ಬಿ. ಬಂದಿದ್ದರೆ ಅಥವಾ ಅಂಡಾಶಯದ ಆಪರೇಷನ್ ಆಗಿದ್ದರೆ ವಯಸ್ಸು ಎಷ್ಟೇ ಇರಲಿ, ಬೇಗ ತೋರಿಸಿ. ನಮ್ಮ ದೇಶದಲ್ಲಿ ಗರ್ಭನಳಿಕೆ ಮುಚ್ಚಿಹೋಗಲು ಟಿ.ಬಿ. ಒಂದು ದೊಡ್ಡ ಕಾರಣ.

ಈ ಅವಸರ ಯಾಕೆ? ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವಷ್ಟರಲ್ಲಿ ಅವು 3-4 ಲಕ್ಷಕ್ಕೆ ಇಳಿಯುತ್ತವೆ. ಹೊಸದಾಗಿ ಹುಟ್ಟುವುದಿಲ್ಲ. 35ರ ನಂತರ ಸಂಖ್ಯೆ, ಗುಣಮಟ್ಟ ಎರಡೂ ಜಾಸ್ತಿ ವೇಗವಾಗಿ ಇಳಿಯುತ್ತವೆ.

ಮೊದಲು ಕ್ಯಾಲೆಂಡರ್, ಆಮೇಲೆ ಫೋನ್

ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ರಕ್ತಸ್ರಾವ ಸರಿಯಾಗಿ ಶುರುವಾದ ದಿನವೇ 1ನೇ ದಿನ. ಹಿಂದಿನ ದಿನ ಸ್ವಲ್ಪ ಕಲೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ. ಹೆಣ್ಣುಮಕ್ಕಳ ಮುಖ್ಯ ಟೆಸ್ಟ್‌ಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ. ಒಂದೇ ದಿನ ರಜೆ ಹಾಕಿ ಎಲ್ಲ ಮುಗಿಸಿ ಬರೋಣ ಅಂದರೆ ಆಗುವುದಿಲ್ಲ.

ಹೋಗುವ ಮೊದಲು ಫೋನ್ ಮಾಡಿ. ಮುಟ್ಟಿನ 2ನೇ ದಿನ ಭಾನುವಾರ ಬಂದರೆ ಸ್ಕ್ಯಾನ್ ಮಾಡುತ್ತೀರಾ? ವೀರ್ಯ ಪರೀಕ್ಷೆಗೆ ಯಾವ ಹೊತ್ತಿಗೆ ಬರಬೇಕು? ಸ್ಯಾಂಪಲ್ ಕೊಡಲು ಬೇರೆ ಕೋಣೆ ಇದೆಯಾ? ಒಟ್ಟು ಖರ್ಚೆಷ್ಟು? ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಎಂಬುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನಿಯಮ. ಆದ್ದರಿಂದ ದರ ಕೇಳಲು ಸಂಕೋಚ ಬೇಡ. ಐಯುಐ (ವೀರ್ಯವನ್ನು ಗರ್ಭಕೋಶದೊಳಗೆ ಬಿಡುವುದು), ಐವಿಎಫ್ (ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿಡುವುದು) ಮಾಡುವ ಕೇಂದ್ರವಾದರೆ ಇಂಥ ಚಿಕಿತ್ಸೆಗಳಿಗಾಗಿಯೇ ಇರುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಒಳ್ಳೆಯದು.

‘ಫರ್ಟಿಲಿಟಿ ಪ್ಯಾಕೇಜ್’ ಎಂದು 20-30 ಟೆಸ್ಟ್‌ಗಳ ಪಟ್ಟಿ ಕೊಟ್ಟರೆ ತಕ್ಷಣ ಹ್ಞೂಂ ಅನ್ನಬೇಡಿ. ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು, ಅವರು ಬರೆದದ್ದನ್ನಷ್ಟೇ ಮಾಡಿಸಿ. ಉದಾಹರಣೆಗೆ ಟಾರ್ಚ್ ಪ್ಯಾನೆಲ್ (ಗರ್ಭದ ಮಗುವಿಗೆ ತೊಂದರೆ ಮಾಡಬಲ್ಲ ಕೆಲವು ಸೋಂಕುಗಳ ರಕ್ತ ಪರೀಕ್ಷೆ) ಎಲ್ಲರಿಗೂ ಬೇಕಿಲ್ಲ. ಅದರಲ್ಲಿ ರುಬೆಲ್ಲಾ ಐಜಿಜಿ ಒಂದು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು. ರುಬೆಲ್ಲಾ ಸೋಂಕು ತಡೆಯುವ ಶಕ್ತಿ ಮೈಯಲ್ಲಿ ಇಲ್ಲ ಅಂತ ಅದರಿಂದ ಗೊತ್ತಾದರೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಬಿಟ್ಟು ಪ್ರಯತ್ನಿಸಬಹುದು.

ಖರ್ಚು ಭಾರ ಅನ್ನಿಸಿದರೆ ಥೈರಾಯ್ಡ್, ಸಕ್ಕರೆ, ಸ್ಕ್ಯಾನ್‌ನಂಥ ಮೊದಲ ಹಂತದ ಟೆಸ್ಟ್‌ಗಳಿಗೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ವಿಚಾರಿಸಿ. ಗದಗದವರು ಅಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಕೇಳಬಹುದು. ಉಳಿದದ್ದಕ್ಕೆ ಮಾತ್ರ ಖಾಸಗಿಗೆ ಹೋದರೆ ದುಡ್ಡು ಉಳಿಯುತ್ತದೆ.

ಗಂಡನ ಟೆಸ್ಟ್

ವೀರ್ಯ ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಎರಡು ದಿನಕ್ಕಿಂತ ಕಡಿಮೆಯಾದರೆ ಎಣಿಕೆ ಕಡಿಮೆ ಕಾಣುತ್ತದೆ. ತುಂಬಾ ದಿನವಾದರೆ ಚಲನೆ ಕುಗ್ಗುತ್ತದೆ. ಸ್ಯಾಂಪಲ್ ಲ್ಯಾಬ್‌ನಲ್ಲೇ ಕೊಡುವುದು ಒಳ್ಳೆಯದು, ಯಾಕೆಂದರೆ ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಧಾರವಾಡದ ಮನೆಯಲ್ಲಿ ಡಬ್ಬಿ ತುಂಬಿಸಿ, ಎಸಿ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ತಂದರೆ ಹೊತ್ತೂ ಮೀರಬಹುದು, ತಂಪೂ ತಗಲುತ್ತದೆ. ಗದಗ, ಹಾವೇರಿಯಿಂದಂತೂ ತರುವ ಮಾತೇ ಇಲ್ಲ. ಮನೆ ಲ್ಯಾಬ್‌ಗೆ ಹತ್ತಿರವೇ ಇದ್ದು ಡಾಕ್ಟರ್ ಒಪ್ಪಿದರೆ, ಲ್ಯಾಬ್‌ನವರು ಕೊಟ್ಟ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು ನೇರ ಬನ್ನಿ.

ಸಾಬೂನು, ಎಣ್ಣೆ, ಕ್ರೀಮ್ ಬಳಸಬಾರದು. ಸಾಮಾನ್ಯ ಕಾಂಡೋಮ್‌ನಲ್ಲಿ ಹಿಡಿಯಬಾರದು. ಸ್ವಲ್ಪ ಚೆಲ್ಲಿದರೆ ನಾಚಿಕೊಂಡು ಮುಚ್ಚಿಡಬೇಡಿ, ಲ್ಯಾಬ್‌ನವರಿಗೆ ಹೇಳಿ. ಮೊದಲು ಬರುವ ಭಾಗದಲ್ಲೇ ವೀರ್ಯಾಣು ಜಾಸ್ತಿ ಇರುವುದರಿಂದ ಅದು ಚೆಲ್ಲಿದರೆ ರಿಪೋರ್ಟೇ ಬದಲಾಗುತ್ತದೆ. ಅಲ್ಲಿನವರು ದಿನವೂ ನೋಡುವ ಕೆಲಸ ಅದು, ಯಾರೂ ನಿಮ್ಮನ್ನು ಬೇರೆಯಾಗಿ ನೋಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲಿಸುವವು ಶೇ 42, ಸರಿಯಾದ ಆಕಾರದವು ಶೇ 4. ಹೌದು, ಬರೀ 4. ‘ನಾರ್ಮಲ್ ಶೇ 5’ ಎಂದು ಓದಿ ಎದೆ ಒಡೆದುಕೊಳ್ಳುವವರಿದ್ದಾರೆ, ಆದರೆ ಅದು ಸರಿಯಾದ ರಿಪೋರ್ಟೇ. ಇದಕ್ಕಿಂತ ಕಡಿಮೆ ಬಂದರೂ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಬೇಡ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಜೋರು ಜ್ವರ ಬಂದಿದ್ದರೂ ಎಣಿಕೆ ಇಳಿದಿರಬಹುದು. ಸಾಮಾನ್ಯವಾಗಿ ಮೂರು ತಿಂಗಳ ನಂತರ ಮತ್ತೆ ಮಾಡಿಸುತ್ತಾರೆ. ಎಣಿಕೆ ತೀರಾ ಕಡಿಮೆ ಇದ್ದರೆ ಅದಕ್ಕಿಂತ ಬೇಗನೇ ಮಾಡಿಸಲು ಹೇಳುತ್ತಾರೆ.

ಗುಟ್ಕಾ, ತಂಬಾಕು, ಸಿಗರೇಟ್ ಇದ್ದರೆ ಡಾಕ್ಟರಿಗೆ ಹೇಳಿ, ಆ ಚಟವನ್ನೂ ಬಿಟ್ಟುಬಿಡಿ. ಜಿಮ್‌ನಲ್ಲಿ ಯಾರೋ ಹೇಳಿದರೆಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನಂತೂ ಮುಚ್ಚಿಡಲೇಬಾರದು. ಅದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು.

ಹೆಂಡತಿಯ ಟೆಸ್ಟ್‌ಗಳು

ಮುಟ್ಟಿನ 2 ಅಥವಾ 3ನೇ ದಿನ ರಕ್ತ ಕೊಡಬೇಕು. ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಾಡಿಯೋಲ್ ಎಂಬ ಹಾರ್ಮೋನ್‌ಗಳನ್ನು ಆ ದಿನಗಳಲ್ಲಿ ನೋಡಿದರೇ ಅರ್ಥ. ಎಎಂಎಚ್ (ಉಳಿದ ಅಂಡಾಣುಗಳ ಅಂದಾಜು ಕೊಡುವ ಹಾರ್ಮೋನ್) ಮತ್ತು ಥೈರಾಯ್ಡ್ ಯಾವ ದಿನವಾದರೂ ಆದೀತು. ಕೂದಲಿಗೆ, ಚರ್ಮಕ್ಕೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ತಿಳಿಸಿ, ಅದು ಹಾರ್ಮೋನ್ ರಿಪೋರ್ಟ್ ಕೆಡಿಸಬಲ್ಲದು.

ಸ್ಕ್ಯಾನ್ ಕೂಡ ಅದೇ ದಿನಗಳಲ್ಲಿ, ಯೋನಿಯ ಒಳಗಿನಿಂದ ಮಾಡುತ್ತಾರೆ. ಇದಕ್ಕೆ ಬಾಟಲಿಗಟ್ಟಲೆ ನೀರು ಕುಡಿದು ಕೂರಬೇಕಿಲ್ಲ, ಮೂತ್ರಕ್ಕೆ ಹೋಗಿಯೇ ಬನ್ನಿ. ಮುಟ್ಟಿನಲ್ಲಿ ಹೇಗೆ ಮಾಡಿಸಿಕೊಳ್ಳುವುದು ಎಂಬ ಹಿಂಜರಿಕೆ ಸಹಜ. ಆದರೆ ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಚಿಕ್ಕ ಚಿಕ್ಕ ಚೀಲಗಳನ್ನು (ಫಾಲಿಕಲ್) ಎಣಿಸಲು ಆ ದಿನಗಳೇ ಸರಿ. ಮಹಿಳಾ ಡಾಕ್ಟರ್ ಬೇಕೆಂದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ.

ನಳಿಕೆ ತೆರೆದಿದೆಯೋ ಇಲ್ಲವೋ ನೋಡುವ ಎಚ್‌ಎಸ್‌ಜಿ ಹೆಣ್ಣುಮಕ್ಕಳು ಹೆಚ್ಚು ಹೆದರುವ ಟೆಸ್ಟ್. ರಕ್ತಸ್ರಾವ ನಿಂತ ಮೇಲೆ, ಸುಮಾರು 10ನೇ ದಿನದೊಳಗೆ ಮಾಡುತ್ತಾರೆ. ಮುಟ್ಟಾದಾಗಿನಿಂದ ಟೆಸ್ಟ್ ಮುಗಿಯುವವರೆಗೆ ಗಂಡ-ಹೆಂಡತಿ ಕೂಡಬಾರದು. ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿ, ಗರ್ಭಕೋಶದ ಬಾಯಿಯಿಂದ ಬಣ್ಣದ ದ್ರವ ಬಿಡುತ್ತಾರೆ. ದ್ರವ ಒಳಗೆ ಹೋಗುವಾಗ ಕಿಬ್ಬೊಟ್ಟೆ ಹಿಂಡಿದಂತೆ ನೋವಾಗುತ್ತದೆ. ಕೆಲವರಿಗೆ ಬರೀ ಮುಟ್ಟಿನ ನೋವಿನಷ್ಟು, ಕೆಲವರಿಗೆ ಜೋರು. ಬಹುತೇಕ ಕೆಲವೇ ನಿಮಿಷದ್ದು. ಮೊದಲೇ ನೋವಿನ ಮಾತ್ರೆ ಕೊಡುತ್ತೀರಾ ಎಂದು ಕೇಳಿ. ಅಯೋಡಿನ್ ಅಲರ್ಜಿ ಇದ್ದರೆ ಹೇಳಿ. ಪ್ಯಾಡ್ ಒಯ್ಯಿರಿ, ಜೊತೆಗೆ ಒಬ್ಬರಿರಲಿ. ಗಂಡ ಆ ದಿನ ರಜೆ ಹಾಕಬೇಕು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಮನೆಗೆ ಬಂದ ಮೇಲೆ ಜ್ವರ, ಕೆಟ್ಟ ವಾಸನೆಯ ಸ್ರಾವ, ಹೆಚ್ಚುತ್ತಾ ಹೋಗುವ ನೋವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ವೀರ್ಯ ಪರೀಕ್ಷೆ ಮೊದಲೇ ಆಗಿರಬೇಕು ಎಂದು ಒತ್ತಿ ಹೇಳುವುದು ಇದಕ್ಕೇ. ಅವನ ರಿಪೋರ್ಟ್ ನೋಡಿ ನೇರವಾಗಿ ಐವಿಎಫ್ ಎಂದು ತೀರ್ಮಾನವಾದರೆ ಅವಳಿಗೆ ಈ ನೋವಿನ ಟೆಸ್ಟ್ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ರಿಪೋರ್ಟ್ ಬಂದ ಮೇಲೆ

ಎಎಂಎಚ್ ನೋಡುವ ಮೊದಲು ಪಕ್ಕದ ಅಳತೆ ನೋಡಿ. ಒಂದು ಲ್ಯಾಬ್ ನ್ಯಾನೋಗ್ರಾಂನಲ್ಲಿ ಕೊಟ್ಟರೆ ಇನ್ನೊಂದು ಪಿಕೋಮೋಲ್‌ನಲ್ಲಿ ಕೊಡುತ್ತದೆ. ಮೊದಲನೆಯದರ 1 ಎಂದರೆ ಎರಡನೆಯದರ ಸುಮಾರು 7. ಗೆಳತಿಯ 7 ನೋಡಿ ನಿಮ್ಮ 1ಕ್ಕೆ ಅಳುವುದು ಸುಮ್ನೆ. ಎಎಂಎಚ್ ಅಂಡಾಣುಗಳು ಎಷ್ಟು ಉಳಿದಿವೆ ಎಂಬ ಅಂದಾಜು ಕೊಡುತ್ತದೆ. ಅವುಗಳ ಗುಣಮಟ್ಟ ಅದರಿಂದ ತಿಳಿಯುವುದಿಲ್ಲ. ಅದು ಕಡಿಮೆ ಇದ್ದವರಿಗೂ ಸಹಜವಾಗಿ ಮಗುವಾಗುತ್ತದೆ. ಆದರೆ ಕಾಯಲು ಹೊತ್ತು ಕಡಿಮೆ ಇದೆ ಎಂಬ ಸೂಚನೆ ಅದರಲ್ಲಿದೆ.

ಡಾಕ್ಟರ್ ಮುಂದೆ ಇಬ್ಬರೂ ಕೂತು ಕೇಳಿ: ಕಾರಣ ಸಿಕ್ಕಿತಾ? ನಾವೇ ಇನ್ನಷ್ಟು ದಿನ ಪ್ರಯತ್ನಿಸಬಹುದಾ, ಎಷ್ಟು ತಿಂಗಳು? 38ರಲ್ಲಿ ‘ಇನ್ನೊಂದು ವರ್ಷ ನೋಡೋಣ’ ಎಂದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ, ಬೇರೆಯವರ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಐವಿಎಫ್‌ನಂಥ ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ವರ್ಷದೊಳಗೆ ಎಂದು ಕಾನೂನು ಮಿತಿ ಹಾಕಿದೆ. ಎಚ್‌ಎಸ್‌ಜಿ ಫಿಲ್ಮ್, ಸ್ಕ್ಯಾನ್ ಚಿತ್ರ ಎಲ್ಲವನ್ನೂ ಕೇಳಿ ಪಡೆದು ಒಂದೇ ಫೈಲಿನಲ್ಲಿಡಿ. ಊರು ಬದಲಾದರೆ, ಡಾಕ್ಟರ್ ಬದಲಾದರೆ ಮತ್ತೆ ಅದೇ ನೋವು, ಅದೇ ಖರ್ಚು ತಪ್ಪುತ್ತದೆ.

ಟೆಸ್ಟ್‌ಗಳು ನಡೆಯುತ್ತಿರುವಾಗಲೇ ಡಾಕ್ಟರನ್ನು ಕೇಳಿ ಹೆಂಡತಿ ಫೋಲಿಕ್ ಆ್ಯಸಿಡ್ ಶುರುಮಾಡಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ ಇದ್ದವರಿಗೆ ಪ್ರಮಾಣ ಬೇರೆ.