ಸರಾಸರಿ ಬಿಟ್ಟು ಚೀಟಿ ಎತ್ತಿದೆ: ಬಿಡಿಭಾಗಗಳ ಸ್ಟಾಕ್ ಲೆಕ್ಕದಲ್ಲಿ ನನ್ನ ಅನುಭವ

"ಸರ್, ಎಷ್ಟು ಉಳಿದಾಗ ಆರ್ಡರ್ ಹಾಕಬೇಕು? ಒಂದು ನಂಬರ್ ಹೇಳಿ, ಸಾಕು." ನಮ್ಮ ಸ್ಟೋರ್‌ಕೀಪರ್ ಕೇಳಿದ್ದು ಇಷ್ಟೇ. ಆ ಒಂದು ನಂಬರ್ ಹೇಳಲು ನನಗೆ ಸುಮಾರು ಎರಡೂವರೆ ವರ್ಷ ಹಿಡಿಯಿತು. "ಚೀಟಿ ಎತ್ತಿ ಸ್ಟಾಕ್ ಇಡ್ತೀರಾ?" ಎಂದು ಮೀಟಿಂಗ್‌ನಲ್ಲಿ ಕೇಳಿದವರೇ ಈಗ ತಮ್ಮ ವಿಭಾಗಕ್ಕೂ ಅದೇ ಲೆಕ್ಕದ ಕಂಪ್ಯೂಟರ್ ಶೀಟ್ ಮಾಡಿಕೊಡಿ ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರಗಳ ಬಿಡಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಸುಮಾರು 300 ಐಟಂ. ಎಷ್ಟು ಉಳಿದಾಗ ಆರ್ಡರ್ ಹಾಕಬೇಕೋ ಅದು ರೀಆರ್ಡರ್ ಲೆವೆಲ್. ಆರ್ಡರ್ ಹಾಕಿದ ಮೇಲೆ ಮಾಲು ಬರಲು ಹಿಡಿಯುವ ಸಮಯ ಲೀಡ್ ಟೈಮ್. ಇಲ್ಲಿ ಒಂದೇ ಐಟಂ ಹಿಡಿದು ಹೇಳುತ್ತೇನೆ: ಒಂದು ಆಯಿಲ್ ಸೀಲ್, ಅಂದರೆ ಯಂತ್ರದ ಎಣ್ಣೆ ಸೋರದಂತೆ ತಡೆಯುವ ಬಳೆ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದೇ. ಅಂಕಿಗಳು ನೆನಪಿನಿಂದ ಬಂದವು, ಒಂದೆರಡು ಆಚೀಚೆ ಇರಬಹುದು.

ಕೈಯಲ್ಲಿದ್ದದ್ದು ಯಾವ ವಾರ ಎಷ್ಟು ಸೀಲ್ ಕೊಟ್ಟೆವು ಎಂಬ 104 ವಾರದ ರಿಜಿಸ್ಟರ್. ಅದರಲ್ಲಿ 70 ವಾರ ಸೊನ್ನೆ. 20 ವಾರ ಒಂದೊಂದು, 8 ವಾರ ಎರಡೆರಡು. ಉಳಿದ 6 ವಾರಗಳಲ್ಲಿ ಮಾತ್ರ ಒಟ್ಟೊಟ್ಟಿಗೆ ನಾಲ್ಕೋ ಐದೋ ಆರೋ ಹೋಗಿದ್ದವು. ಒಟ್ಟು 66ರ ಹತ್ತಿರ, ಅಂದರೆ ವಾರಕ್ಕೆ ಸರಾಸರಿ 0.63. ಆರ್ಡರ್ ಹಾಕಿದ ಮೇಲೆ ಮಾಲು ಬರಲು ಮೂರರಿಂದ ಎಂಟು ವಾರ, ಸರಾಸರಿ ಐದು.

ಮೊದಲು ನಾನೂ ಸರಾಸರಿಯನ್ನೇ ನಂಬಿದೆ. ಐದು ವಾರಕ್ಕೆ ಮೂರು ಚಿಲ್ಲರೆ ಬೇಕು, ಒಂದು ಜಾಸ್ತಿ ಇರಲಿ ಎಂದು ಲೆವೆಲ್ 4ಕ್ಕೆ ಇಟ್ಟೆ. ಪದೇ ಪದೇ ಖಾಲಿ ಆಯಿತು. "ಸರಾಸರಿ ಅಂದರೆ ಅರ್ಧ ಸಲ ಮೇಲೆ, ಅರ್ಧ ಸಲ ಕೆಳಗೆ ಅಲ್ವಾ?" ಎಂದು ಮೇಲಿನವರು ಕೇಳಿದರು. ಅಲ್ಲ. ಇಲ್ಲಿ ಮೂರರಲ್ಲಿ ಎರಡು ವಾರ ಸೊನ್ನೆ. ಎಲ್ಲ ವಾರಗಳನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವುದೂ ಸೊನ್ನೆಯೇ. ಸರಾಸರಿಯನ್ನು ಎಳೆದು ಮೇಲೆ ನಿಲ್ಲಿಸಿರುವುದು ಆ ಆರು ವಾರಗಳು. ಯಂತ್ರ ನಿಂತದ್ದೂ ಆ ವಾರಗಳಲ್ಲೇ.

ಆಮೇಲೆ ಎಲ್ಲರೂ ಬಳಸುವ ಸೂತ್ರಕ್ಕೆ ಹೋದೆ. ಸರಾಸರಿಗೆ 1.645 ಸ್ಟ್ಯಾಂಡರ್ಡ್ ಡೀವಿಯೇಶನ್ (ಬೇಡಿಕೆ ಸರಾಸರಿಯಿಂದ ಎಷ್ಟು ಆಚೀಚೆ ಚದುರುತ್ತದೆ ಎಂಬ ಅಳತೆ) ಸೇರಿಸು, ನೂರಕ್ಕೆ 95 ಸಲ ಸಾಕಾಗುತ್ತದೆ ಎನ್ನುವ ಸೂತ್ರ. ಉತ್ತರ 8 ಬಂತು. ಮುಂದಿನ ಆರು ಆರ್ಡರ್‌ಗಳಲ್ಲಿ ಎರಡು ಸಲ ರ್ಯಾಕ್ ಖಾಲಿ. ಇದು ದುರದೃಷ್ಟವಾ, ಲೆಕ್ಕವೇ ತಪ್ಪಾ? ಕೂತು ನೋಡಿದೆ. 95 ಎಂಬ ಮಾತು ನಿಜವಾಗಿದ್ದರೆ ಆರರಲ್ಲಿ ಎರಡು ಅಥವಾ ಹೆಚ್ಚು ಸಲ ಖಾಲಿಯಾಗುವುದು ನೂರಕ್ಕೆ ಸುಮಾರು ಮೂರು ಸಲ ನಡೆಯುವ ಸಂಗತಿ. ಇಂಥದ್ದೇ ಇನ್ನೂ ನಾಲ್ಕೈದು ಐಟಂಗಳಲ್ಲಿ ಕಂಡಿತು. ಆಗ ಸೂತ್ರದ ಮೇಲಿನ ನಂಬಿಕೆ ಹೋಯಿತು. ಬೇಡಿಕೆ ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿದೆ ಎಂದು ಆ ಸೂತ್ರ ಊಹಿಸುತ್ತದೆ. ಆ ಗಂಟೆಯಾಕಾರದ ರೇಖೆಗೂ ನನ್ನ 70 ಸೊನ್ನೆಗಳಿಗೂ ಹೊಂದಾಣಿಕೆಯೇ ಇಲ್ಲ.

ನಡುವೆ ಕ್ರಾಸ್ಟನ್ ವಿಧಾನವನ್ನೂ ನೋಡಿದೆ. 1972ರಿಂದ ಬಳಕೆಯಲ್ಲಿರುವುದು, ಬಿಟ್ಟು ಬಿಟ್ಟು ಬರುವ ಬೇಡಿಕೆಗೆಂದೇ ಮಾಡಿದ್ದು. ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಎಷ್ಟು ಬರುತ್ತದೆ ಎಂದು ಬೇರೆ ಬೇರೆ ಲೆಕ್ಕ ಇಡುತ್ತದೆ. ಒಳ್ಳೆಯದೇ. ಆದರೆ ಕೊನೆಗೆ ಅದು ಕೊಡುವುದೂ ಒಂದು ಸರಾಸರಿಯನ್ನೇ. ನನಗೆ ಬೇಕಾಗಿದ್ದದ್ದು ಕೆಟ್ಟ ವಾರಗಳು ಎಷ್ಟು ಕೆಟ್ಟವು ಎಂಬುದು.

ಕೊನೆಗೆ ಚೀಟಿಗೆ ಬಂದೆ. ಇದು ನನ್ನ ಕಂಡುಹಿಡಿಯುವಿಕೆ ಅಲ್ಲ. ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಬೂಟ್‌ಸ್ಟ್ರಾಪ್ ಎಂಬ ಹೆಸರಿನಲ್ಲಿ ಈ ದಾರಿ ತೋರಿಸಿದರು. ನಾನು ಅಕ್ಷರಶಃ ಚೀಟಿಯಿಂದಲೇ ಶುರು ಮಾಡಿದೆ. ಒಂದು ಡಬ್ಬಿಯಲ್ಲಿ 104 ಚೀಟಿ, ಒಂದೊಂದು ವಾರದ ಬೇಡಿಕೆ ಬರೆದದ್ದು. ಇನ್ನೊಂದು ಡಬ್ಬಿಯಲ್ಲಿ ಹಿಂದಿನ ಆರ್ಡರ್‌ಗಳ ಲೀಡ್ ಟೈಮ್. ಮೊದಲು ಲೀಡ್ ಟೈಮ್ ಎತ್ತು. ಆರು ಬಂತಾ, ಆರು ವಾರದ ಚೀಟಿ ಎತ್ತಿ ಕೂಡಿಸು. ಎತ್ತಿದ ಚೀಟಿಯನ್ನು ಪ್ರತಿ ಸಲವೂ ವಾಪಸ್ ಹಾಕು. ಸ್ಟೋರ್‌ಕೀಪರ್ ಜೊತೆ ಕೂತು ಒಂದು ಮಧ್ಯಾಹ್ನ 60 ಸಲ ಹೀಗೆ ಮಾಡಿದೆವು. ಮೂರು ಸಲ ಹತ್ತು ದಾಟಿತು. ಅವರ ಮುಖ ನೋಡಬೇಕಿತ್ತು. ಸೂತ್ರ ತೋರಿಸಿದ್ದಾಗ ಸುಮ್ನೆ ತಲೆಯಾಡಿಸಿದವರು, ಚೀಟಿ ಎತ್ತಿದಾಗ ತಾವೇ ಪ್ರಶ್ನೆ ಕೇಳಲು ಶುರು ಮಾಡಿದರು.

ಇದನ್ನೇ ಕಂಪ್ಯೂಟರ್ ಶೀಟಿಗೆ ಹಾಕಿದಾಗ ಎಡವಿದೆ. 200 ಸಲ ಓಡಿಸಿ ಮೀಟಿಂಗ್‌ನಲ್ಲಿ 9 ತೋರಿಸಿದೆ. ಯಾರೋ ಒಂದು ಹೆಸರು ತಿದ್ದಲು ಹೇಳಿದರು. ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಎಲ್ಲ ರ್ಯಾಂಡಮ್ ಸಂಖ್ಯೆಗಳೂ ಬದಲಾಗಿ 9 ಇದ್ದದ್ದು 11 ಆಯಿತು. ಆ ದಿನವೇ ಯೋಜನೆ ನಿಂತುಹೋಯಿತು, ನಾಲ್ಕು ತಿಂಗಳು ಯಾರೂ ಅದರ ಮಾತೆತ್ತಲಿಲ್ಲ. ಆಮೇಲೆ ಕಲಿತೆ: 200 ಸಲದಲ್ಲಿ ಆ 95 ಎಂಬುದೇ ಮೂರು ಅಂಕ ಆಚೀಚೆ ಓಲಾಡುತ್ತದೆ. 10,000 ಸಲಕ್ಕೆ ಏರಿಸಿದರೆ ಅರ್ಧ ಅಂಕವೂ ಇಲ್ಲ. ಈಗ 10,000 ಸಲ ಓಡಿಸಿ, ಉತ್ತರಗಳು ಮತ್ತೆ ಬದಲಾಗದಂತೆ ಅವನ್ನು ಬರೀ ಮೌಲ್ಯಗಳಾಗಿ ಅಂಟಿಸಿ, ಏರಿಕೆಯಲ್ಲಿ ಜೋಡಿಸಿ 9,500ನೆಯದನ್ನು ನೋಡುತ್ತೇನೆ. ಆಗ ಸ್ಥಿರವಾಗಿ 9 ಬಂತು.

ಆ 9 ಕೂಡ ಸಾಲಲಿಲ್ಲ. ಕಾರಣ ರಿಜಿಸ್ಟರ್‌ನಲ್ಲೇ ಇತ್ತು. ಆ 70 ಸೊನ್ನೆ ವಾರಗಳಲ್ಲಿ ಐದಾರು ವಾರ ರ್ಯಾಕೇ ಖಾಲಿ. ಮೆಕ್ಯಾನಿಕ್ ಬಂದು ಕೇಳಿ ಬರಿಗೈಯಲ್ಲಿ ಹೋಗಿದ್ದರು, ಇಶ್ಯೂ ಆಗಿರಲಿಲ್ಲ, ಪುಸ್ತಕದಲ್ಲಿ ಸೊನ್ನೆ ಎಂದು ಕೂತಿತ್ತು. ಕೊಟ್ಟದ್ದನ್ನು ಬೇಕಾದದ್ದು ಎಂದು ಎಣಿಸಿ ಒಂದು ವರ್ಷ ಹಾಳು ಮಾಡಿಕೊಂಡಿದ್ದೆ. ಅಂದಿನಿಂದ ಸ್ಟೋರ್ ಕಿಟಕಿಯಲ್ಲಿ ಒಂದು "ಇಲ್ಲ" ಪುಸ್ತಕ ಇದೆ. ಕೇಳಿ ಸಿಗದ ಪ್ರತಿಯೊಂದೂ ಅದರಲ್ಲಿ ಬರೆಯಬೇಕು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದು ಈ ಪುಸ್ತಕ, ಅತಿ ಹೆಚ್ಚು ಕೊಟ್ಟದ್ದೂ ಅದೇ. ಆ ವಾರಗಳನ್ನು ತಿದ್ದಿದ ಮೇಲೆ ಉತ್ತರ 10.

ಇಲ್ಲೊಂದು ಪಕ್ಕದ ಪ್ರಯೋಗ. "ಆರು ವಾರದಿಂದ ಒಂದೂ ಹೋಗಿಲ್ಲ, ಇನ್ನು ಬಂದೇ ಬರುತ್ತೆ" ಎಂದು ಸ್ಟೋರ್‌ಕೀಪರ್ ಹೇಳುತ್ತಿದ್ದರು. ಹಾಗಲ್ಲ ಎಂದು ತೋರಿಸಲು ನಾನು ನಾಣ್ಯ ತೆಗೆದುಕೊಂಡು ಎರಡು ಸಂಜೆ 500 ಸಲ ಚಿಮ್ಮಿದೆ. ಸತತ ಒಂಬತ್ತು ಸಲ ಒಂದೇ ಮುಖ ಬಂತು, ಹತ್ತನೆಯದಕ್ಕೆ ಅದರ ನೆನಪೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್‌ನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಕ್ 10,000 ಸಲ ಚಿಮ್ಮಿ 5,067 ಹೆಡ್ ಎಣಿಸಿದ್ದರು. ಅವರ ತಾಳ್ಮೆ ನನಗಿಲ್ಲ. ಆದರೆ ನಾಣ್ಯ ಬಿಟ್ಟು ನಮ್ಮ ರಿಜಿಸ್ಟರ್ ಮೇಲೇ ಇದನ್ನು ಪರೀಕ್ಷಿಸಿದಾಗ ನನಗೇ ಆಶ್ಚರ್ಯವಾಯಿತು. ಸೊನ್ನೆ ವಾರದ ಮಾರನೇ ವಾರ ಬೇಡಿಕೆ ಬಂದದ್ದು ನೂರಕ್ಕೆ 25ರಷ್ಟು. ಬೇಡಿಕೆ ಇದ್ದ ವಾರದ ಮಾರನೇ ವಾರ ಬಂದದ್ದು 48ರ ಹತ್ತಿರ! ಅವರ ನಂಬಿಕೆಗೆ ಪೂರ್ತಿ ಉಲ್ಟಾ, ನನ್ನ ನಾಣ್ಯದ ಹಾಗೂ ಅಲ್ಲ. ಮೆಕ್ಯಾನಿಕ್‌ಗಳನ್ನು ಕೇಳಿದೆ. ಒಂದು ಯಂತ್ರದಲ್ಲಿ ಸೀಲ್ ಹೋದರೆ ಪಕ್ಕದವನ್ನೂ ಬಿಚ್ಚಿ ನೋಡುತ್ತಾರೆ, ಜೊತೆಯದ್ದನ್ನೂ ಬದಲಿಸುತ್ತಾರೆ. ಬೇಡಿಕೆ ಗುಂಪಾಗಿ ಬರುತ್ತದೆ.

ಒಂಟಿ ಚೀಟಿ ಎತ್ತಿದರೆ ಈ ಗುಂಪು ಒಡೆದುಹೋಗುತ್ತದೆ. ಹಾಗಾಗಿ ಅಕ್ಕಪಕ್ಕದ ಮೂರು ನಾಲ್ಕು ವಾರಗಳನ್ನು ಒಟ್ಟಿಗೆ ಪಿನ್ ಮಾಡಿ ಎತ್ತಿದೆ. ಉತ್ತರ 12ಕ್ಕೆ ಹಾರಿತು. ಸೂತ್ರದ 8 ಎಲ್ಲಿ, ಈ 12 ಎಲ್ಲಿ! ಎಷ್ಟು ವಾರ ಒಟ್ಟಿಗೆ ಪಿನ್ ಮಾಡಬೇಕು ಎಂಬುದನ್ನು ಪ್ರತಿ ಐಟಂಗೂ ನಾನು ಬೇರೆ ರೀತಿಯಲ್ಲಿ ನಿರ್ಧರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಈಗ ಹಣದ ಮಾತು. 95 ಎಂದು ಯಾರು ಹೇಳಿದರು? ಯಾರೂ ಇಲ್ಲ, ರೂಢಿ. ನಾನು ಲೆಕ್ಕ ಹಾಕಿದೆ. ಒಂದು ಸೀಲ್ ವರ್ಷವಿಡೀ ಜಾಸ್ತಿ ಇಟ್ಟರೆ ಅದರ ಬೆಲೆಯ ಐದನೇ ಒಂದು ಪಾಲು ಖರ್ಚು. ಯಂತ್ರ ಅರ್ಧ ದಿನ ನಿಂತರೆ ಸುಮಾರು 30 ಸೀಲ್‌ಗಳ ಬೆಲೆ ನಷ್ಟ. ಖಾಲಿಯಾದಾಗೆಲ್ಲ ಯಂತ್ರ ನಿಲ್ಲುವುದಿಲ್ಲ, ಹತ್ತರಲ್ಲಿ ಒಂದು ಸಲ ಎನ್ನಿ. ವರ್ಷಕ್ಕೆ ಆರು ಆರ್ಡರ್. ಇಷ್ಟನ್ನೂ ಸೇರಿಸಿದರೆ ಖಾಲಿಯಾಗುವ ಅಪಾಯ ನೂರಕ್ಕೆ ಒಂದಕ್ಕೆ ಇಳಿಯುವ ತನಕ ಇನ್ನೊಂದು ಇನ್ನೊಂದು ಸೇರಿಸುತ್ತಾ ಹೋಗುವುದೇ ಲಾಭ. ಅಂದರೆ 99. ಲೆವೆಲ್ 15ಕ್ಕೆ ಬಂತು. ಆ ಮೂರು ಜಾಸ್ತಿ ಸೀಲ್‌ಗಳಿಗೆ ವರ್ಷದ ಖರ್ಚು ಒಂದು ಸೀಲ್ ಬೆಲೆಯೂ ಆಗಲ್ಲ. ಒಂದು ಎಚ್ಚರಿಕೆ: ಇಷ್ಟು ಮೇಲಿನ ತುದಿಯಲ್ಲಿ ಚೀಟಿಯ ಮಾತು ಆ ಆರು ವಾರಗಳ ಮೇಲೇ ನಿಂತಿರುತ್ತದೆ. ಡಬ್ಬಿಯಲ್ಲಿ ಇಲ್ಲದ ಏಳನ್ನು ಅದು ಎಂದೂ ಎತ್ತಲಾರದು. ಅದಕ್ಕೆ ನಾನೊಂದು ತೇಪೆ ಹಾಕುತ್ತೇನೆ, ಅದನ್ನೂ ಇಲ್ಲಿ ಬರೆಯಲ್ಲ.

99ಕ್ಕೆ ಮ್ಯಾನೇಜ್‌ಮೆಂಟ್ ಒಪ್ಪಿದ್ದು ಮತ್ತೊಂದು ಲೆಕ್ಕದಿಂದ. ದೊಡ್ಡ ಸರ್ವಿಸ್‌ಗೆ ಹತ್ತು ಬಗೆಯ ಭಾಗ ಬೇಕು. ಒಂದೊಂದೂ ನೂರಕ್ಕೆ 95 ಸಲ ಸಿಗುತ್ತದೆ, ಆದರೂ ಯಾಕೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಹಳೆಯ ದೂರು. 0.95ನ್ನು ಹತ್ತು ಸಲ ಗುಣಿಸಿ ತೋರಿಸಿದೆ. ಸುಮಾರು 0.60. ಒಂದು ಭಾಗ ಇಲ್ಲದ್ದಕ್ಕೂ ಇನ್ನೊಂದು ಇಲ್ಲದ್ದಕ್ಕೂ ಸಂಬಂಧ ಇಲ್ಲದಿದ್ದರೆ ಹತ್ತರಲ್ಲಿ ನಾಲ್ಕು ಸರ್ವಿಸ್ ನಿಂತೇ ನಿಲ್ಲುತ್ತವೆ. ಮೀಟಿಂಗ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಮೊದಲ ಮೂರು ತಿಂಗಳು ಸ್ಟಾಕ್‌ನ ಒಟ್ಟು ಬೆಲೆ ಏರಿತು, ನನಗೆ ಚೆನ್ನಾಗಿ ಬೈಗುಳ ಬಿತ್ತು. ಬೇರೆ ಐಟಂಗಳಿಗೂ ಇದೇ ಲೆಕ್ಕ ಹಾಕಿದ್ದೆ. ಲೆವೆಲ್ ಏರಿಸಬೇಕಾದ 80 ಐಟಂಗಳನ್ನು ತಕ್ಷಣ ಕೊಳ್ಳಬೇಕು. ಇಳಿಸಬೇಕಾದ ನೂರೈವತ್ತು ಐಟಂಗಳು ಬಳಕೆಯಾಗಿ ಕರಗಬೇಕು, ಅದಕ್ಕೆ ಸಮಯ ಬೇಕು. ಇದನ್ನು ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು. ಒಂದು ವರ್ಷದ ಹೊತ್ತಿಗೆ ಒಟ್ಟು ಬೆಲೆ ಮೊದಲಿಗಿಂತ ಎಂಟನೇ ಒಂದು ಪಾಲು ಕಡಿಮೆ. "ಇಲ್ಲ" ಪುಸ್ತಕದಲ್ಲಿ ತಿಂಗಳಿಗೆ ಹದಿನೈದು ಸಾಲು ಇದ್ದದ್ದು ಮೂರು ನಾಲ್ಕಕ್ಕೆ ಇಳಿದಿದೆ. ಸೀಲ್ ಕಳೆದ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಖಾಲಿಯಾಗಿಲ್ಲ.

ಈಗ ಕೈಗೆತ್ತಿಕೊಂಡಿರುವುದು 104 ವಾರವೂ ಸೊನ್ನೆ ಇರುವ ಐಟಂಗಳನ್ನು. ಡಬ್ಬಿಯಲ್ಲಿ ಬರೀ ಸೊನ್ನೆ ಚೀಟಿ ಇದ್ದರೆ ಎತ್ತಿ ಏನು ಪ್ರಯೋಜನ? ಇಲ್ಲಿ ಹಳೆಯ "ಮೂರರ ನಿಯಮ" ಹಿಡಿದೆ. n ಸಲ ನೋಡಿ ಒಮ್ಮೆಯೂ ಕಾಣದಿದ್ದರೂ ಅದರ ಸಾಧ್ಯತೆ 3/nರ ತನಕ ಇರಬಹುದು. ಇಲ್ಲಿ 3/104, ಅಂದರೆ ವಾರಕ್ಕೆ ನೂರಕ್ಕೆ ಮೂರರಷ್ಟು. ಅದರಲ್ಲೊಂದು ಗೇರ್ ಬರಲು 20 ವಾರ ಬೇಕು. ಆ ಅವಧಿಯಲ್ಲಿ ಒಮ್ಮೆಯಾದರೂ ಬೇಕಾಗುವ ಸಾಧ್ಯತೆ, ಅತಿ ಕೆಟ್ಟದ್ದನ್ನು ಎಣಿಸಿದರೆ, ನೂರಕ್ಕೆ 45ರ ಹತ್ತಿರ. ಇಂಥ 40 ಐಟಂಗಳಲ್ಲಿ ಯಂತ್ರವನ್ನೇ ನಿಲ್ಲಿಸುವಂಥ ಮೂರನ್ನು ಮಾತ್ರ ಒಂದೊಂದು ತರಿಸಿದ್ದೇನೆ. ಎರಡು ಬಂದಿವೆ. ಗೇರ್ ಇನ್ನೂ ದಾರಿಯಲ್ಲಿದೆ.