ಹಂಚಿನ ಕಾರ್ಖಾನೆಯಲ್ಲಿ ಮಳೆಗಾಲದ ಕುದುರೆ ಕ್ಲಾಸು

ಮಂಗಳೂರಿನಲ್ಲಿ ಕುದುರೆ ಸವಾರಿ ಕಲಿಸಿ ಬದುಕುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಕೋಣ ಸಾಕು ಮಾರಾಯ, ಕಂಬಳಕ್ಕಾದರೂ ಆಗ್ತದೆ" ಅಂದರು ಪಕ್ಕದ ಮನೆಯವರು. ಬೆಂಗಳೂರಿನಲ್ಲಿ ಇದೇ ಕಸುಬು ಮಾಡುವ ಗೆಳೆಯರದ್ದು ಒಂದೇ ಮಾತು: ಜೂನಿನಲ್ಲಿ ಬಾಗಿಲು ಹಾಕು, ಅಕ್ಟೋಬರಿನಲ್ಲಿ ತೆರೆ. ಕ್ಲಾಸು ನಿಂತರೆ ಕುದುರೆ ತಿನ್ನುವುದನ್ನೂ ನಿಲ್ಲಿಸುತ್ತದಾ? ಮೇವು, ಲಾಳ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ, ಔಷಧಿ ಎಲ್ಲ ಸೇರಿ ಒಂದಕ್ಕೆ ತಿಂಗಳಿಗೆ 18 ಸಾವಿರದ ಹತ್ತಿರ. ನನ್ನ ಲಾಯದಲ್ಲಿರುವುದು ನಾಲ್ಕು.

ಮೊದಲು ಅಂಗಳಕ್ಕೆ ಹೊಳೆಮರಳು ಹಾಸಿದೆ. ಕೆಳಗೆ ಮುರಕಲ್ಲಿನ ನೆಲ, ಸ್ವಲ್ಪ ಇಳಿಜಾರು ಬೇರೆ. ಜೂನಿನ ಎರಡು ಜೋರು ಮಳೆಗೆ ಮರಳೆಲ್ಲ ಕೆಳಗಿನ ತೋಟಕ್ಕೆ ಹೋಯಿತು. ತೋಟದವರಿಗೆ ಖುಷಿ, ನನಗೆ 40 ಸಾವಿರ ಲುಕ್ಸಾನು. ಆಮೇಲೆ ಪೈಪು ನಿಲ್ಲಿಸಿ ಟಾರ್ಪಾಲು ಕಟ್ಟಿಸಿದೆ. ಗಾಳಿಗೆ ಅದು ಪಟಪಟ ಅಂದದ್ದೇ ತಡ, ರೇಸಿನಿಂದ ಬಂದ ಗಂಡು ಕುದುರೆ ನೆಗೆಯಿತು. ಮೇಲಿದ್ದ ಕಾಲೇಜು ಹುಡುಗ ಕೆಸರಿಗೆ ಬಿದ್ದ. ಪೆಟ್ಟಾಗಲಿಲ್ಲ, ಆದರೆ ಅವನ ಅಪ್ಪ ಬಾಕಿ ಫೀಸು ಕೊಡಲಿಲ್ಲ. ಜಲ್ಲಿಪುಡಿಯನ್ನೂ ಹಾಕಿ ನೋಡಿದೆ, ಕುದುರೆಗಳು ಕುಂಟಿದವು. ಒಟ್ಟು ಒಂದೂವರೆ ಲಕ್ಷವಾದರೂ ನೀರಿಗೆ ಹೋಗಿದೆ.

ಗುರುಪುರ ಹೊಳೆ ಬದಿಯಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಯೊಂದು ಖಾಲಿ ಬಿದ್ದಿತ್ತು, ಅದನ್ನು ಬಾಡಿಗೆಗೆ ಹಿಡಿದೆ. ಯಂತ್ರ ಕಿತ್ತ ಜಾಗದಲ್ಲಿ ಕಂಬಗಳ ನಡುವೆ ಅಂದಾಜು 45 ಅಡಿ. ಪೂರ್ತಿ ಅರೀನಾ (ಸವಾರಿ ಅಂಗಳ) ಆಗುವುದಿಲ್ಲ, ಕ್ಯಾಂಟರ್ ಅನ್ನುವ ಜೋರು ಓಟವೂ ಆಗುವುದಿಲ್ಲ. ಆದರೆ ಉದ್ದ ಹಗ್ಗದಲ್ಲಿ ಸುತ್ತು ಹಾಕಿಸಿ ಟ್ರಾಟ್ (ನಿಧಾನದ ಓಟ) ಮಾಡಿಸಲು ಧಾರಾಳ ಸಾಕು. ಕಂಬಗಳಿಗೆ ಹಳೆ ಟೈರು ಕಟ್ಟಿದೆ. ನೆಲಕ್ಕೆ ಮರಳು ಮತ್ತು ತೆಂಗಿನ ನಾರಿನ ಪುಡಿ. ಎಷ್ಟಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ, ಅದಕ್ಕೇ ಒಂದು ಮಳೆಗಾಲ ಹೋಗಿದೆ.

ಒಬ್ಬೊಬ್ಬರಿಗೇ ಅರ್ಧ ಗಂಟೆ. ಕೈಗೆ ಲಗಾಮಿಲ್ಲ, ಕಾಲೂರಲು ರಿಕಾಪಿಲ್ಲ; ಹಗ್ಗ ನನ್ನ ಕೈಯಲ್ಲಿ, ಅವರು ಬರೀ ಮೈಯ ಸಮತೋಲದಲ್ಲಿ ಕೂರಬೇಕು. ಹೊರಗಿನ ಗುಂಪು ಕ್ಲಾಸಿಗೆ ಗಂಟೆಗೆ 500 ತೆಗೆದುಕೊಳ್ಳುತ್ತಿದ್ದೆ, ಇದಕ್ಕೆ 700 ಇಟ್ಟೆ. ಯಾರು ಕೊಡ್ತಾರೆ ಅಂದರು. ಕೊಟ್ಟರು! ಅಕ್ಟೋಬರಿನಲ್ಲಿ ಹೊರಗೆ ಬಂದಾಗ ನನ್ನ ಹತ್ತಿರ ಕಲಿತವರು ಜೀನಿನ ಮೇಲೆ ಕೂತ ರೀತಿ ನೋಡಿ, ಬಾಗಿಲು ಹಾಕು ಅಂದಿದ್ದ ಗೆಳೆಯನೇ ಫೋನ್ ಮಾಡಿ ವಿಚಾರಿಸಿದ.

ಇನ್ನು ಗೊರಸಿನ ವಿಷಯ. ನಮ್ಮ ತೇವಕ್ಕೆ ಗೊರಸಿನ ಅಡಿಯ ಮೆತ್ತನೆ ಭಾಗ ಕೊಳೆಯುತ್ತದೆ. ಕೊಕ್ಕೆ ಹಾಕಿ ಕೆರೆದರೆ ಕಪ್ಪು ಲೋಳೆ, ಮೂಗು ಮುಚ್ಚಬೇಕು ಅಂಥ ವಾಸನೆ. ಪೇಟೆಯ ಬಾಟ್ಲಿ ಔಷಧಿ ವಾರಕ್ಕೆ ಖಾಲಿ. ಇಲ್ಲಿ ಅಡಿಕೆ ಇರುವ ಮನೆಯಲ್ಲೆಲ್ಲ ಕೊಳೆರೋಗಕ್ಕೆ ಅಂತ ಮೈಲುತುತ್ತು ಇದ್ದೇ ಇರುತ್ತದೆ. ಅದನ್ನು ತೆಳ್ಳಗೆ ಕರಗಿಸಿ, ಹತ್ತಿಯಲ್ಲಿ ಅದ್ದಿ ಸಂದಿಗೆ ತುರುಕಿದೆ. ಖಾರ ಜಾಸ್ತಿಯಾದರೆ ಚೆನ್ನಾಗಿರುವ ಭಾಗವೂ ಸುಡುತ್ತದೆ, ಜೋಪಾನ. ಎರಡು ವಾರದೊಳಗೆ ಒಣಗಿತು. ಸೈಸನ ಬೆರಳು ಮಾತ್ರ ಇನ್ನೂ ನೀಲಿ.

ಕಂಬಳದ ಕೋಣಗಳ ಹಾಗೆ ಬೇಯಿಸಿದ ಹುರುಳಿಯನ್ನೂ ಕೊಟ್ಟು ನೋಡಿದೆ. ಗಿಡ್ಡ ಜಾತಿಯ ಪೋನಿಗಳು ಮೈಕೈ ತುಂಬಿಕೊಂಡವು. ರೇಸಿನದ್ದಕ್ಕೆ ಹೊಟ್ಟೆ ಉಬ್ಬಿತು, ರಾತ್ರಿಯಿಡೀ ನಡೆಸಿದೆವು. ಈಗ ಅದಕ್ಕೆ ಒಂದೇ ಹಿಡಿ. ಬೈಹುಲ್ಲಿಗೆ ಬೂಸಲು ಬಂದರೆ ಎಲ್ಲಕ್ಕೂ ಕೆಮ್ಮು, ಹಾಗಾಗಿ ಬೇಸಿಗೆಯಲ್ಲೇ ಕೊಂಡು ಅಟ್ಟಕ್ಕೆ ಏರಿಸುತ್ತೇನೆ. ಆ ದುಡ್ಡಿಗೆ ಮಳೆಗಾಲದ ಅರ್ಧ ಫೀಸನ್ನು ಮೇ ತಿಂಗಳಲ್ಲೇ ವಸೂಲಿ ಮಾಡುತ್ತೇನೆ. ಮೊದಲು ಕೊಟ್ಟವರಿಗೆ ಸಂಜೆ ಐದರ ಹೊತ್ತು.

ಹಿಂದೆಲ್ಲ ಮಳೆಗಾಲದಲ್ಲಿ ತಿಂಗಳಿಗೆ 70 ಸಾವಿರ ಕೈಬಿಟ್ಟು ಹೋಗುತ್ತಿತ್ತು. ಕಳೆದ ವರ್ಷ ಮೇವು, ಬಾಡಿಗೆ ಎಲ್ಲ ಕಳೆದು ತಿಂಗಳಿಗೆ 10 ಸಾವಿರ ಚಿಲ್ಲರೆ ಉಳಿಯಿತು. ಈಗ ಕಾರ್ಖಾನೆಯ ಮಾಲಕರು 12 ಸಾವಿರ ಇದ್ದ ಬಾಡಿಗೆಯನ್ನು 15 ಮಾಡಿ ಅನ್ನುತ್ತಿದ್ದಾರೆ. ಅವರ ಮೊಮ್ಮಗಳಿಗೆ ಸುಮ್ನೆ ಕಲಿಸುತ್ತಿದ್ದೇನೆ, ಸದ್ಯ 12ಕ್ಕೇ ನಿಂತಿದೆ.